ತಂತಿಯ ಸ್ಯಾಗ್ ಸೊನ್ನೆ ಬರುವುದೇಕೆ? ಸೈನ್‌ಎಚ್, ಕಾಸ್‌ಎಚ್ ಲೆಕ್ಕದಲ್ಲಿ ಅಂಕಿಗಳು ಹಾರಿಹೋಗುವ ಜಾಗ

ಪ್ರಶ್ನೆ: ನಾನು ವಿದ್ಯುತ್ ಲೈನ್ ಡಿಸೈನ್ ಕೆಲಸದಲ್ಲಿದ್ದೇನೆ. ಎರಡು ಟವರ್‌ಗಳ ನಡುವೆ ತಂತಿ ಎಷ್ಟು ಜೋತು ಬೀಳುತ್ತದೆ (ಇದಕ್ಕೇ ಸ್ಯಾಗ್ ಅನ್ನುವುದು), ಎಷ್ಟು ಉದ್ದದ ತಂತಿ ಬೇಕು ಎಂದು ನೋಡಲು ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ಕಲಿತ ಸೂತ್ರ ಹಾಕಿ ಹೈಪರ್ಬೋಲಿಕ್ ಫಂಕ್ಷನ್‌ಗಳಾದ ಸೈನ್‌ಎಚ್, ಕಾಸ್‌ಎಚ್ ಎರಡನ್ನೂ ನಾನೇ ಬರೆದುಕೊಂಡೆ. ಸ್ಯಾಗ್ ಗೊತ್ತಿದ್ದಾಗ ಎಳೆತ ಎಷ್ಟಿರಬೇಕು ಅಂತ ಹುಡುಕುವ ಲೂಪ್‌ನಲ್ಲಿ ಒಮ್ಮೊಮ್ಮೆ ಸ್ಯಾಗ್ ಸೊನ್ನೆ ಬಂದು, ಸೊನ್ನೆಯಿಂದ ಭಾಗಿಸಿದ ಎರರ್ ಬರುತ್ತದೆ. ಒಮ್ಮೊಮ್ಮೆ ಓವರ್‌ಫ್ಲೋ ಎರರ್, ಅಂದರೆ ಸಂಖ್ಯೆ ಹಿಡಿಸಲಾರದಷ್ಟು ದೊಡ್ಡದಾಯಿತು ಅಂತ. ಮ್ಯಾತ್ ಮಾಡ್ಯೂಲ್‌ನ ಕಾಸ್‌ಎಚ್ ಹಾಕಿ ನೋಡಿದೆ, ಆದರೂ ಸೊನ್ನೆ ಹೋಗಲಿಲ್ಲ. ಲೈಬ್ರರಿಯಲ್ಲೇ ದೋಷ ಇದೆಯಾ?

ಉತ್ತರ: ಇಲ್ಲ, ಲೈಬ್ರರಿ ಸರಿಯಾಗಿಯೇ ಇದೆ. ಅದು ಕೊಟ್ಟ ಕಾಸ್‌ಎಚ್ ಬೆಲೆ ಕೊನೆಯ ಅಂಕಿಯವರೆಗೂ ನಂಬಬಹುದಾದದ್ದು. ತೊಂದರೆ ಇರುವುದು ಆ ಬೆಲೆ ಕೈಗೆ ಬಂದ ಮೇಲೆ ನೀವು ಅದರಿಂದ 1 ಕಳೆಯುತ್ತೀರಲ್ಲ, ಅಲ್ಲಿ. ನೀವೇ ಬರೆದ ಸೈನ್‌ಎಚ್‌ನಲ್ಲೂ ಇದೇ ಕಾಯಿಲೆ ಇದೆ, ಅದನ್ನು ಲೈಬ್ರರಿ ವಾಸಿ ಮಾಡುತ್ತದೆ. ಕಾಸ್‌ಎಚ್‌ನಿಂದ 1 ಕಳೆಯುವುದನ್ನು ಮಾತ್ರ ಲೈಬ್ರರಿ ನಿಮ್ಮ ಪರವಾಗಿ ಸರಿಮಾಡಲಾರದು. ಆ ಸಾಲನ್ನು ನೀವೇ ಬೇರೆ ಥರ ಬರೆಯಬೇಕು. ಅದು ಒಂದೇ ಸಾಲಿನ ಬದಲಾವಣೆ, ಆದರೆ ಯಾಕೆ ಅಂತ ಗೊತ್ತಾದರೆ ಇಂಥ ಹತ್ತು ಕಡೆ ಉಪಯೋಗಕ್ಕೆ ಬರುತ್ತದೆ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಸೂತ್ರಗಳು. ಇ ಅಂದರೆ 2.71828… ಎಂಬ ಸಂಖ್ಯೆ. ಅದರ ಎಕ್ಸ್‌ನೇ ಘಾತವನ್ನು ಎಕ್ಸ್‌ಪಿ(ಎಕ್ಸ್) ಎಂದು ಬರೆಯೋಣ.

ಸೈನ್‌ಎಚ್(ಎಕ್ಸ್) = (ಎಕ್ಸ್‌ಪಿ(ಎಕ್ಸ್) − ಎಕ್ಸ್‌ಪಿ(−ಎಕ್ಸ್)) / 2
ಕಾಸ್‌ಎಚ್(ಎಕ್ಸ್) = (ಎಕ್ಸ್‌ಪಿ(ಎಕ್ಸ್) + ಎಕ್ಸ್‌ಪಿ(−ಎಕ್ಸ್)) / 2

ನೋಡಲು ಅಣ್ಣತಮ್ಮಂದಿರ ಹಾಗಿವೆ. ಒಂದರಲ್ಲಿ ಮೈನಸ್, ಇನ್ನೊಂದರಲ್ಲಿ ಪ್ಲಸ್, ಅಷ್ಟೇ ವ್ಯತ್ಯಾಸ. ಕಾಗದದ ಮೇಲೆ ಅದು ಏನೂ ಅಲ್ಲ. ಕಂಪ್ಯೂಟರಿನಲ್ಲಿ ಮಾತ್ರ ಆ ಮೈನಸ್ಸೇ ಎಲ್ಲ.

ಪೈಥಾನ್‌ನ ಫ್ಲೋಟ್ ಅಂದರೆ 64 ಬಿಟ್‌ನ ಡಬಲ್. ಅದರಲ್ಲಿ ಸಂಖ್ಯೆಯ ಅಂಕಿಗಳಿಗೆ ಸಿಗುವುದು 53 ಬಿಟ್. ನಮ್ಮ ದಶಮಾಂಶ ಲೆಕ್ಕದಲ್ಲಿ ಸುಮಾರು 16 ಅಂಕಿ. 1ರಿಂದ 2ರವರೆಗೆ ಡಬಲ್ ಸಂಖ್ಯೆಗಳು ಒಂದರಿಂದ ಒಂದು 2.22 × 10⁻¹⁶ ದೂರದಲ್ಲಿ ಕೂತಿವೆ. 1ಕ್ಕಿಂತ ಸ್ವಲ್ಪ ಕೆಳಗೆ ಆ ದೂರ ಇದರ ಅರ್ಧ. ಇವುಗಳ ನಡುವೆ ಬೀಳುವ ಯಾವ ಬೆಲೆಯೂ ಹತ್ತಿರದ ಮೆಟ್ಟಿಲಿಗೆ ಸರಿಯಲೇಬೇಕು.

ಈಗ ಎಕ್ಸ್ = 10⁻¹⁰ ತೆಗೆದುಕೊಳ್ಳಿ. ಇದರ ಸೈನ್‌ಎಚ್ ಹೆಚ್ಚುಕಮ್ಮಿ ಎಕ್ಸ್‌ನಷ್ಟೇ. 16 ಅಂಕಿಗಳಲ್ಲಿ ಬರೆದರೆ 10⁻¹⁰ ಅಂತಲೇ ಬರಬೇಕು. ನಿಮ್ಮ ಸೂತ್ರ ಏನು ಮಾಡುತ್ತದೆ ನೋಡಿ. ಎಕ್ಸ್‌ಪಿ(10⁻¹⁰) ಅಂದರೆ 1.0000000001. ಅದು 1ರಿಂದ ಮೇಲಕ್ಕೆ 450359.96 ಮೆಟ್ಟಿಲು ದೂರದಲ್ಲಿದೆ. ಅಂಥ ಮೆಟ್ಟಿಲು ಇಲ್ಲ, ಹಾಗಾಗಿ 450360ನೇ ಮೆಟ್ಟಿಲಿಗೆ ಹೋಗಿ ಕೂರುತ್ತದೆ. ಎಕ್ಸ್‌ಪಿ(−10⁻¹⁰) ಕೂಡ ಕೆಳಗಡೆ ಹಾಗೇ ಹತ್ತಿರದ ಮೆಟ್ಟಿಲು ಹಿಡಿಯುತ್ತದೆ. ಎರಡರಲ್ಲೂ ಆದ ತಪ್ಪು ತೀರಾ ಚಿಕ್ಕದು, 16ನೇ ಅಂಕಿಯ ಆಚೆ ಈಚೆ. ಆದರೆ ಕಳೆದಾಗ ಮುಂದಿನ 1 ಮಾಯವಾಗುತ್ತದೆ, ಅದರ ಜೊತೆಗಿದ್ದ ಸೊನ್ನೆಗಳೂ ಮಾಯ. ಉಳಿಯುವುದು ಬಾಲ ಮಾತ್ರ, ತಪ್ಪು ಇರುವುದೂ ಆ ಬಾಲದಲ್ಲೇ. ಉತ್ತರ 1.000000082740371 × 10⁻¹⁰ ಅಂತ ಬರುತ್ತದೆ. ಎಂಟನೇ ದಶಮಾಂಶ ಸ್ಥಾನದಿಂದ ಆಚೆ ಇರುವುದೆಲ್ಲ ಕಸ. 16 ಅಂಕಿ ಇಟ್ಟುಕೊಂಡು ಹೊರಟವರು ಅರ್ಧದಷ್ಟು ದಾರಿಯಲ್ಲೇ ಕಳೆದುಕೊಂಡಿರಿ. ಎಕ್ಸ್ ಅನ್ನು 10⁻¹⁷ಕ್ಕೆ ಇಳಿಸಿದರೆ ಎರಡೂ ಎಕ್ಸ್‌ಪಿಗಳು ನೇರವಾಗಿ 1.0 ಆಗಿ, ಉತ್ತರ ಸೊನ್ನೆ.

ಇಲ್ಲಿ ಒಂದು ವಿಷಯ ಗಮನಿಸಿ. ಕಳೆಯುವ ಕ್ರಿಯೆ ತಪ್ಪು ಮಾಡಿಲ್ಲ. ಹತ್ತಿರ ಹತ್ತಿರ ಇರುವ ಎರಡು ಡಬಲ್‌ಗಳನ್ನು ಕಳೆದರೆ ಉತ್ತರ ಪಕ್ಕಾ ಸರಿಯಾಗಿಯೇ ಬರುತ್ತದೆ. ಮೊದಲೇ ಆಗಿದ್ದ ಸಣ್ಣ ತಪ್ಪನ್ನು ಅದು ಎತ್ತಿ ತೋರಿಸುತ್ತದೆ, ಅಷ್ಟೇ. ಅದಕ್ಕೇ ನೀವು ಬರೆದ ಕಾಸ್‌ಎಚ್‌ಗೆ ಸಣ್ಣ ಎಕ್ಸ್‌ನಲ್ಲಿ ಈ ಗೋಳಿಲ್ಲ. ಅಲ್ಲಿರುವುದು ಪ್ಲಸ್. ನಿಮ್ಮ ಕಾಸ್‌ಎಚ್ ತೆಗೆದು ಲೈಬ್ರರಿಯದ್ದು ಹಾಕಿದಾಗ ಏನೂ ಬದಲಾಗದೆ ಇದ್ದದ್ದು ಇದೇ ಕಾರಣಕ್ಕೆ. ಅಲ್ಲಿ ನಿಮ್ಮದೂ ಸರಿ ಇತ್ತು, ಲೈಬ್ರರಿಯದ್ದೂ ಸರಿ ಇತ್ತು.

ಹಾಗಾದರೆ ಲೈಬ್ರರಿ ಸೈನ್‌ಎಚ್ ಅನ್ನು ಹೇಗೆ ಕಾಪಾಡುತ್ತದೆ? ಇದು ನನಗೆ ತುಂಬಾ ಇಷ್ಟವಾದ ಭಾಗ. ಸನ್ ಮೈಕ್ರೋಸಿಸ್ಟಮ್ಸ್‌ನವರು ಬರೆದ ಎಫ್‌ಡಿಲಿಬ್‌ಎಂ ಎಂಬ ಗಣಿತ ಲೈಬ್ರರಿ ಇದೆ. ಅದರ ಫೈಲ್‌ಗಳ ತಲೆಯ ಮೇಲೆ 1993 ಎಂಬ ಇಸವಿ ಇರುತ್ತದೆ. ಜಾವಾದ ಸ್ಟ್ರಿಕ್ಟ್‌ಮ್ಯಾತ್ ಅದನ್ನೇ ಪಾಲಿಸಬೇಕು ಎಂಬ ನಿಯಮವಿದೆ. ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್, ಮಸಲ್ ಎಂಬ ಸಿ ಭಾಷೆಯ ಲೈಬ್ರರಿ ಮುಂತಾದವುಗಳ ಗಣಿತದ ಕೋಡ್ ಕೂಡ ಬಹುಪಾಲು ಅದರಿಂದಲೇ ಬಂದದ್ದು. ಪೈಥಾನ್‌ನ ಮ್ಯಾತ್ ಮಾಡ್ಯೂಲ್ ತಾನೇ ಸೈನ್‌ಎಚ್ ಲೆಕ್ಕ ಹಾಕುವುದಿಲ್ಲ. ನಿಮ್ಮ ಮಷೀನಿನ ಸಿ ಲೈಬ್ರರಿಯನ್ನು ಕರೆಯುತ್ತದೆ. ಎಫ್‌ಡಿಲಿಬ್‌ಎಂನ ಸೈನ್‌ಎಚ್ ಓದಿ ನೋಡಿದರೆ ಇಡೀ ಕಥೆ ಅಲ್ಲೇ ಇದೆ.

ಅದು ಮೊದಲು ಚಿಹ್ನೆಯನ್ನು ಪಕ್ಕಕ್ಕಿಟ್ಟು ಎಕ್ಸ್ ಅನ್ನು ಧನ ಸಂಖ್ಯೆ ಮಾಡಿಕೊಳ್ಳುತ್ತದೆ. ಎಕ್ಸ್ 2⁻²⁸ಕ್ಕಿಂತ ಚಿಕ್ಕದಾದರೆ ಎಕ್ಸ್ ಅನ್ನೇ ವಾಪಸ್ ಕೊಡುತ್ತದೆ, ಲೆಕ್ಕವೇ ಇಲ್ಲ. ಅಷ್ಟು ಚಿಕ್ಕದರಲ್ಲಿ ಎಕ್ಸ್‌ಗೂ ಸೈನ್‌ಎಚ್‌ಗೂ ಡಬಲ್‌ನಲ್ಲಿ ಹೇಳಬಲ್ಲ ವ್ಯತ್ಯಾಸ ಇರುವುದಿಲ್ಲ. ಅದಕ್ಕಿಂತ ಮೇಲೆ, 22ರವರೆಗೆ, ಅದು ಎಕ್ಸ್‌ಪಿ ಕರೆಯುವುದೇ ಇಲ್ಲ. ಎಕ್ಸ್‌ಪಿಎಂ1 ಎಂಬ ಇನ್ನೊಂದು ಫಂಕ್ಷನ್ ಕರೆಯುತ್ತದೆ. ಎಕ್ಸ್‌ಪಿಎಂ1 ಕೊಡುವುದು ಎಕ್ಸ್‌ಪಿ(ಎಕ್ಸ್)ನಿಂದ 1 ಕಳೆದ ಬೆಲೆಯನ್ನು. ಆದರೆ ಎಕ್ಸ್‌ಪಿ ಕಂಡುಹಿಡಿದು ಆಮೇಲೆ ಕಳೆಯುವುದಲ್ಲ. 1 ಇಲ್ಲದ ಆ ಬಾಲವನ್ನೇ ನೇರವಾಗಿ, ಪೂರ್ತಿ 16 ಅಂಕಿಗಳಲ್ಲಿ ಲೆಕ್ಕ ಹಾಕುತ್ತದೆ. ಆ ಬಾಲಕ್ಕೆ ಟಿ ಅನ್ನೋಣ. ಆಗ ಎಕ್ಸ್‌ಪಿ(ಎಕ್ಸ್) ಅಂದರೆ ಟಿ + 1. ಎಕ್ಸ್‌ಪಿ(−ಎಕ್ಸ್) ಅಂದರೆ 1/(ಟಿ + 1). ಇವೆರಡನ್ನು ಕಾಗದದ ಮೇಲೆ ಕಳೆದು ಸರಿಮಾಡಿದರೆ ಹೀಗೆ ಬರುತ್ತದೆ:

ಸೈನ್‌ಎಚ್(ಎಕ್ಸ್) = (ಟಿ + ಟಿ/(ಟಿ + 1)) / 2

ಮೈನಸ್ ಹೋಯಿತು, ಅಲ್ವಾ? ಎರಡು ಧನ ಸಂಖ್ಯೆಗಳನ್ನು ಕೂಡುವುದಷ್ಟೇ ಉಳಿಯಿತು. ಕಳೆಯುವ ಕೆಲಸವನ್ನು ನಾವು ಬೀಜಗಣಿತದಲ್ಲೇ ಮುಗಿಸಿದೆವು, ಅಲ್ಲಿ ಅಂಕಿಗಳು ಹೋಗುವುದಿಲ್ಲ. ಎಕ್ಸ್ 1ಕ್ಕಿಂತ ಚಿಕ್ಕದಿದ್ದಾಗ ಎಫ್‌ಡಿಲಿಬ್‌ಎಂ ಇದನ್ನೇ ಇನ್ನೊಂಚೂರು ಬೇರೆ ರೂಪದಲ್ಲಿ ಬರೆಯುತ್ತದೆ, ಕೊನೆಯ ಬಿಟ್ ಇನ್ನೂ ಹಸನಾಗಿ ಬರಲಿ ಅಂತ.

22 ದಾಟಿದ ಮೇಲೆ ಎಕ್ಸ್‌ಪಿ(−ಎಕ್ಸ್) ಎಷ್ಟು ಚಿಕ್ಕದೆಂದರೆ, ಎಕ್ಸ್‌ಪಿ(ಎಕ್ಸ್) ಪಕ್ಕದಲ್ಲಿ ಅದು ಕೊನೆಯ ಅಂಕಿಯನ್ನೂ ಅಲುಗಿಸುವುದಿಲ್ಲ. ಅದನ್ನು ಬಿಟ್ಟು ಎಕ್ಸ್‌ಪಿ(ಎಕ್ಸ್)ನ ಅರ್ಧ ಕೊಟ್ಟುಬಿಡುತ್ತದೆ. ತುಂಬಾ ದೊಡ್ಡ ಎಕ್ಸ್‌ಗೆ ಇನ್ನೊಂದು ಉಪಾಯ ಇದೆ, ನಿಮ್ಮ ಓವರ್‌ಫ್ಲೋ ಮಾತು ಬಂದಾಗ ಹೇಳುತ್ತೇನೆ.

ಈ ಎಕ್ಸ್‌ಪಿಎಂ1 ಮತ್ತು ಅದರ ಜೋಡಿ ಲಾಗ್1ಪಿ (1ಕ್ಕೆ ಎಕ್ಸ್ ಕೂಡಿಸಿದ ಬೆಲೆಯ ಲಾಗ್ ಕೊಡುವುದು) ಎರಡೂ 1999ರ ಸಿ ಸ್ಟ್ಯಾಂಡರ್ಡ್‌ನಲ್ಲಿ ಸೇರಿದವು. 1989ರ ಸ್ಟ್ಯಾಂಡರ್ಡ್‌ನಲ್ಲಿ ಸೈನ್‌ಎಚ್, ಕಾಸ್‌ಎಚ್, ಟ್ಯಾನ್‌ಎಚ್ ಮಾತ್ರ ಇದ್ದವು. ಪೈಥಾನ್‌ಗೆ ಲಾಗ್1ಪಿ 2.6ರಲ್ಲಿ, ಎಕ್ಸ್‌ಪಿಎಂ1 2.7 ಮತ್ತು 3.2ರಲ್ಲಿ ಬಂದವು. ಜಾವಾಸ್ಕ್ರಿಪ್ಟ್‌ಗೆ ಇವೆಲ್ಲ 2015ರಲ್ಲಿ ಒಟ್ಟಿಗೆ ಬಂದವು. ಲೈಬ್ರರಿಯಲ್ಲಿ ಇವು ಎದ್ದು ಕಾಣುವುದಿಲ್ಲ, ಎಷ್ಟೋ ಜನ ಒಮ್ಮೆಯೂ ಕರೆದಿರುವುದಿಲ್ಲ. ನನ್ನ ಮಟ್ಟಿಗೆ ಇಡೀ ಮ್ಯಾತ್ ಮಾಡ್ಯೂಲ್‌ನಲ್ಲಿ ಇವಕ್ಕಿಂತ ಬೆಲೆಬಾಳುವ ಫಂಕ್ಷನ್‌ಗಳು ಕಡಿಮೆ.

ಈಗ ನಿಮ್ಮ ಸ್ಯಾಗ್‌ಗೆ ಬರೋಣ. ಎಳೆತದ ಅಡ್ಡ ಭಾಗವನ್ನು ಒಂದು ಮೀಟರ್ ತಂತಿಯ ತೂಕದಿಂದ ಭಾಗಿಸಿದರೆ ಒಂದು ಉದ್ದ ಸಿಗುತ್ತದೆ. ಅದಕ್ಕೆ ಸಿ ಅನ್ನೋಣ. ಎಳೆತ 24,000 ನ್ಯೂಟನ್, ತೂಕ ಮೀಟರ್‌ಗೆ 16 ನ್ಯೂಟನ್ ಆದರೆ ಸಿ 1500 ಮೀಟರ್. ಸ್ಪ್ಯಾನ್, ಅಂದರೆ ಎರಡು ಟವರ್‌ಗಳ ನಡುವಿನ ದೂರ, 300 ಮೀಟರ್, ಎರಡೂ ತುದಿ ಒಂದೇ ಎತ್ತರ. ಎಕ್ಸ್ ಅಂದರೆ ಸ್ಪ್ಯಾನ್/(2 × ಸಿ), ಇಲ್ಲಿ 0.1. ನೀವು ಬರೆದಿರುವುದು:

ಸ್ಯಾಗ್ = ಸಿ × (ಕಾಸ್‌ಎಚ್(ಎಕ್ಸ್) − 1)

ಕಾಸ್‌ಎಚ್(0.1) ಅಂದರೆ 1.0050041680558. ಸ್ಯಾಗ್ 7.50625 ಮೀಟರ್. ಪ್ಯಾರಾಬೋಲಾ ಅಂತ ಲೆಕ್ಕ ಹಾಕಿದ್ದರೆ 7.5 ಮೀಟರ್ ಬರುತ್ತಿತ್ತು, 6 ಮಿಲಿಮೀಟರ್ ಚಿಲ್ಲರೆ ಕಡಿಮೆ. ಈ ಎಕ್ಸ್‌ನಲ್ಲಿ 1 ಕಳೆದಾಗ ಎರಡು ಮೂರು ಅಂಕಿ ಹೋದರೂ ಇನ್ನೂ 13 ಉಳಿದಿರುತ್ತವೆ. ಟವರ್ ಕಟ್ಟುವವರಿಗೆ ಅದು ಬೇಕಾದಷ್ಟಾಯಿತು. ಹಾಗಾಗಿ ನಿಮ್ಮ ಮಾಮೂಲಿ ಲೈನ್‌ಗಳಲ್ಲಿ ಇದು ಕಣ್ಣಿಗೇ ಬೀಳುವುದಿಲ್ಲ.

ಬೀಳುವುದು ಹುಡುಕುವ ಲೂಪ್‌ನಲ್ಲಿ. ಅಲ್ಲಿ ಸಿ ಎಷ್ಟೆಂದು ಗೊತ್ತಿಲ್ಲ, ಯಾವುದೋ ದೊಡ್ಡ ಸಂಖ್ಯೆಯಿಂದ ಶುರುಮಾಡಿರುತ್ತೀರಿ. ಇಲ್ಲವೇ ಲೂಪೇ ಒಂದು ಹೆಜ್ಜೆ ಜಾಸ್ತಿ ಜಿಗಿದು ಅಲ್ಲಿಗೆ ಹೋಗಿರುತ್ತದೆ. ಸಿ 15 ಕೋಟಿ ಮೀಟರ್ ಆದರೆ ಎಕ್ಸ್ 10⁻⁶. ಕಾಸ್‌ಎಚ್‌ನಿಂದ 1 ಕಳೆದರೆ 5.000444502911705 × 10⁻¹³ ಬರುತ್ತದೆ. ಬರಬೇಕಾದದ್ದು 5.0000000000004 × 10⁻¹³. ನಾಲ್ಕೇ ಅಂಕಿ ಸರಿ. ಸಿ ಇನ್ನೂ ನೂರು ಪಟ್ಟು ಬೆಳೆದು ಎಕ್ಸ್ 10⁻⁸ ಆದರೆ ನಿಜವಾದ ಬೆಲೆ 5 × 10⁻¹⁷. 1ರ ಪಕ್ಕದ ಮೊದಲ ಮೆಟ್ಟಿಲಿನ ಅರ್ಧಕ್ಕೂ ಅದು ಮುಟ್ಟುವುದಿಲ್ಲ. ಕಾಸ್‌ಎಚ್ ಸರಿಯಾಗಿ 1.0 ಅಂತ ಕೊಡುತ್ತದೆ, ಏಕೆಂದರೆ ಅದಕ್ಕಿಂತ ಹತ್ತಿರದ ಡಬಲ್ ಇನ್ನೊಂದಿಲ್ಲ. ನೀವು 1 ಕಳೆಯುತ್ತೀರಿ. ಸೊನ್ನೆ. ಮುಂದಿನ ಹೆಜ್ಜೆಯಲ್ಲಿ ಇಳಿಜಾರೂ ಸೊನ್ನೆ, ಅದರಿಂದ ಭಾಗಿಸಿದ ಕೂಡಲೇ ಪ್ರೋಗ್ರಾಂ ನಿಲ್ಲುತ್ತದೆ.

ಇದಕ್ಕೆ ಮದ್ದು ತ್ರಿಕೋನಮಿತಿಯ ಅರ್ಧಕೋನದ ಸೂತ್ರದ ಹಾಗೇ ಇರುವ ಒಂದು ಸಮೀಕರಣ:

ಕಾಸ್‌ಎಚ್(ಎಕ್ಸ್) − 1 = 2 × ಸೈನ್‌ಎಚ್(ಎಕ್ಸ್/2)²

ಅಂದರೆ ನಿಮ್ಮ ಸಾಲು ಹೀಗಾಗಬೇಕು:

ಸ್ಯಾಗ್ = 2 × ಸಿ × ಸೈನ್‌ಎಚ್(ಎಕ್ಸ್/2)²

ಸೈನ್‌ಎಚ್ ಮಾತ್ರ ಲೈಬ್ರರಿಯದ್ದೇ ಆಗಿರಲಿ, ಮನೆಯಲ್ಲಿ ಬರೆದದ್ದು ಬೇಡ. ಈಗ ಎಕ್ಸ್ 10⁻⁸ ಇದ್ದರೂ 5 × 10⁻¹⁷ ಸರಿಯಾಗಿ ಸಿಗುತ್ತದೆ, 10⁻¹⁰⁰ ಇದ್ದರೂ ಸಿಗುತ್ತದೆ. ಎಕ್ಸ್ 0.1 ಇದ್ದಾಗ ಹಳೆಯ ಉತ್ತರವೇ ಬರುತ್ತದೆ. ಸ್ಪೀಡ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಹಾಗಾಗಿ ಸಣ್ಣ ಎಕ್ಸ್‌ಗೆ ಒಂದು ಸೂತ್ರ, ದೊಡ್ಡದಕ್ಕೆ ಇನ್ನೊಂದು ಅಂತ ಇಫ್ ಹಾಕುವ ಅಗತ್ಯವೂ ಇಲ್ಲ. ಸುಮ್ನೆ ಎಲ್ಲ ಕಡೆ ಇದನ್ನೇ ಬಳಸಿ.

ತಂತಿಯ ಉದ್ದ 2 × ಸಿ × ಸೈನ್‌ಎಚ್(ಎಕ್ಸ್), ಅದು ಸರಿಯೇ ಇದೆ. ಮೇಲಿನ ಲೈನ್‌ಗೆ 300.50025 ಮೀಟರ್. ಆದರೆ ಸ್ಪ್ಯಾನ್‌ಗಿಂತ ಎಷ್ಟು ಜಾಸ್ತಿ ತಂತಿ ಬೇಕು ಅಂತ ನೋಡಲು ಅದರಿಂದ 300 ಕಳೆದರೆ ಅದೇ ಹಳೇ ಮೈನಸ್ ವಾಪಸ್ ಬಂತು. ಇಲ್ಲಿ ಬೇಕಿರುವುದು ಸೈನ್‌ಎಚ್(ಎಕ್ಸ್)ನಿಂದ ಎಕ್ಸ್ ಕಳೆದ ಬೆಲೆ. ಅದಕ್ಕೆ ಲೈಬ್ರರಿಯಲ್ಲಿ ರೆಡಿ ಫಂಕ್ಷನ್ ಇಲ್ಲ, ಅರ್ಧಕೋನದಂಥ ಸುಲಭ ದಾರಿಯೂ ಇಲ್ಲ. ಎಕ್ಸ್ ಚಿಕ್ಕದಿದ್ದಾಗ ಶ್ರೇಣಿಯೇ ಗತಿ:

ಹೆಚ್ಚುವರಿ ಉದ್ದ = ಸ್ಪ್ಯಾನ್ × (ಎಕ್ಸ್²/6) × (1 + ಎಕ್ಸ್²/20 + ಎಕ್ಸ್⁴/840)

ಎಕ್ಸ್ 0.1 ಹಾಕಿ ನೋಡಿ, 0.50025 ಮೀಟರ್ ಬರುತ್ತದೆ. 0.1ರವರೆಗೆ ಈ ಮೂರು ಪದಗಳು ಧಾರಾಳ ಸಾಕು. ಎಕ್ಸ್ ಒಂದರ ಹತ್ತಿರ ಅಥವಾ ಮೇಲಿದ್ದರೆ ನೇರವಾಗಿ ಕಳೆಯಿರಿ, ಅಲ್ಲಿ ಹೋಗುವ ಅಂಕಿ ಹೆಚ್ಚೇನಿಲ್ಲ. ಇಲ್ಲಿ ಮಾತ್ರ ಇಫ್ ಬೇಕಾಗುತ್ತದೆ.

ಹುಡುಕುವ ಲೂಪ್ ಬಗ್ಗೆ ಇನ್ನೊಂದು ಮಾತು. ಸಿ ಅನ್ನು ಹುಡುಕುವ ಬದಲು ಎಕ್ಸ್ ಅನ್ನೇ ಹುಡುಕಿ. ಸ್ಯಾಗ್ ಅನ್ನು ಸ್ಪ್ಯಾನ್‌ನಿಂದ ಭಾಗಿಸಿದರೆ ಸಮೀಕರಣ ಹೀಗೆ ಸರಳವಾಗುತ್ತದೆ:

ಸೈನ್‌ಎಚ್(ಎಕ್ಸ್/2)² / ಎಕ್ಸ್ = ಸ್ಯಾಗ್ / ಸ್ಪ್ಯಾನ್

ಶುರುಮಾಡುವ ಬೆಲೆಯನ್ನು ಕಣ್ಣುಮುಚ್ಚಿ ಹಾಕಬೇಡಿ, ಪ್ಯಾರಾಬೋಲಾದಿಂದ ತೆಗೆದುಕೊಳ್ಳಿ: ಎಕ್ಸ್ = 4 × ಸ್ಯಾಗ್/ಸ್ಪ್ಯಾನ್. ಸ್ಯಾಗ್ 7.5, ಸ್ಪ್ಯಾನ್ 300 ಆದರೆ ಶುರುವಿನ ಎಕ್ಸ್ 0.1, ಅಂದರೆ ಸಿ 1500. ಅಲ್ಲಿಂದ ನ್ಯೂಟನ್ ವಿಧಾನ ಎರಡು ಮೂರು ಹೆಜ್ಜೆಯಲ್ಲಿ ಎಕ್ಸ್ ಅನ್ನು 0.0999168ರ ಹತ್ತಿರ ತಂದು ನಿಲ್ಲಿಸುತ್ತದೆ, ಸಿ 1501.25 ಮೀಟರ್. ಹೀಗೆ ಹೊರಟರೆ ಮಾಮೂಲಿ ಲೈನ್‌ನ ಲೂಪ್ 15 ಕೋಟಿ ಮೀಟರ್‌ಗೂ ಹೋಗುವುದಿಲ್ಲ, ಓವರ್‌ಫ್ಲೋ ಕಡೆಗೂ ಹೋಗುವುದಿಲ್ಲ. ನಿಮ್ಮ ಎರಡೂ ಎರರ್‌ಗಳಿಗೆ ಅರ್ಧ ಕಾರಣ ಶುರುವಿನ ಬೆಲೆಯೇ ಇರಬೇಕು.

ಆದರೂ ಓವರ್‌ಫ್ಲೋ ಏನೆಂದು ತಿಳಿದಿರಲಿ. ಡಬಲ್‌ನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಸುಮಾರು 1.797 × 10³⁰⁸. ಎಕ್ಸ್ 709.78 ದಾಟಿದರೆ ಎಕ್ಸ್‌ಪಿ(ಎಕ್ಸ್) ಅದನ್ನು ಮೀರುತ್ತದೆ. ಸೈನ್‌ಎಚ್ ಮತ್ತು ಕಾಸ್‌ಎಚ್ ಅದರ ಅರ್ಧ ತಾನೇ, ಹಾಗಾಗಿ ಅವು ಇನ್ನೂ ಸ್ವಲ್ಪ ದೂರ, 710.47ರವರೆಗೆ ಹಿಡಿಸುತ್ತವೆ. ಎಕ್ಸ್ 710 ಹಾಕಿ. ನಿಮ್ಮ ಸೂತ್ರ ಎಕ್ಸ್‌ಪಿಯಲ್ಲೇ ಬಿದ್ದುಹೋಗುತ್ತದೆ. ಮ್ಯಾತ್ ಮಾಡ್ಯೂಲ್‌ನ ಕಾಸ್‌ಎಚ್ 1.117 × 10³⁰⁸ ಅಂತ ಸರಿಯಾದ ಉತ್ತರ ಕೊಡುತ್ತದೆ. ಎಫ್‌ಡಿಲಿಬ್‌ಎಂ ಇದಕ್ಕೆ ಮಾಡುವ ಉಪಾಯ ಹೀಗಿದೆ: ಎಕ್ಸ್‌ಪಿ(ಎಕ್ಸ್/2) ಲೆಕ್ಕ ಹಾಕಿ, ಮೊದಲು ಅದನ್ನು ಅರ್ಧ ಮಾಡಿ, ಆಮೇಲೆ ಮತ್ತೊಮ್ಮೆ ಎಕ್ಸ್‌ಪಿ(ಎಕ್ಸ್/2)ನಿಂದ ಗುಣಿಸುವುದು. ನಡುವೆ ಎಲ್ಲೂ ಮಿತಿ ದಾಟುವುದಿಲ್ಲ. 709.78ರಿಂದ 710.47ರವರೆಗಿನ ಈ ಚಿಕ್ಕ ಪಟ್ಟಿಗಾಗಿಯೂ ಅವರು ಬೇರೆ ದಾರಿ ಬರೆದಿದ್ದಾರೆ. ಉತ್ತರ ಡಬಲ್‌ನಲ್ಲಿ ಹಿಡಿಸುವುದಾದರೆ ಅದನ್ನು ಕೊಡಲೇಬೇಕು ಎಂಬ ಹಟ ಅದು. ಒಳ್ಳೆಯ ಲೈಬ್ರರಿಯ ಗುರುತು ಇದೇ ಅಂತ ನನಗನ್ನಿಸುತ್ತದೆ.

710.47 ದಾಟಿದ ಮೇಲೆ ಯಾವ ಲೈಬ್ರರಿಯೂ ಏನೂ ಮಾಡಲಾರದು, ಉತ್ತರಕ್ಕೇ ಜಾಗವಿಲ್ಲ. ಸ್ಪ್ಯಾನ್ 300 ಇಟ್ಟುಕೊಂಡು ನಿಮ್ಮ ಲೂಪ್ ಸಿ ಅನ್ನು 0.2 ಮೀಟರ್‌ಗೆ ಇಳಿಸಿದರೆ ಎಕ್ಸ್ 750 ಆಗುತ್ತದೆ. ಆಗ ಬರುವ ಎರರ್ ನ್ಯಾಯವಾದದ್ದೇ. ಅಂಥ ತಂತಿ ಭೂಮಿಯ ಮೇಲೆ ಇಲ್ಲ.

ಆದರೆ ಬೇರೆ ಕೆಲಸಗಳಲ್ಲಿ ಅಷ್ಟು ದೊಡ್ಡ ಎಕ್ಸ್ ನಿಜವಾಗಿಯೂ ಬರುತ್ತದೆ. ಸಮುದ್ರದ ಅಲೆಯ ಲೆಕ್ಕ ನೋಡಿ. ನೀರಿನೊಳಗೆ ಇಳಿದ ಹಾಗೆ ಅಲೆಯ ಒತ್ತಡ ಎಷ್ಟು ಕಡಿಮೆಯಾಗುತ್ತದೆ ಎಂಬುದು ಎರಡು ಕಾಸ್‌ಎಚ್‌ಗಳ ಭಾಗಲಬ್ಧ. 4000 ಮೀಟರ್ ಆಳದ ಸಾಗರದಲ್ಲಿ 30 ಮೀಟರ್ ಉದ್ದದ ಅಲೆ ತೆಗೆದುಕೊಂಡರೆ ಕೆಳಗಿನ ಕಾಸ್‌ಎಚ್‌ಗೆ ಹೋಗುವ ಬೆಲೆ ಸುಮಾರು 838. ಓವರ್‌ಫ್ಲೋ. ನಮಗೆ ಬೇಕಾದ ಉತ್ತರವಾದರೋ 0ಯಿಂದ 1ರ ನಡುವೆ ಇರುವ ಸಾಧು ಸಂಖ್ಯೆ. ಇಂಥ ಕಡೆ ದೊಡ್ಡ ಘಾತವನ್ನು ಮೇಲೂ ಕೆಳಗೂ ಹೊರತೆಗೆದು ಹೊಡೆದುಹಾಕಬೇಕು. ಮೇಲಿನದು ಪಿ, ಕೆಳಗಿನದು ಕ್ಯೂ ಆದರೆ:

ಕಾಸ್‌ಎಚ್(ಪಿ)/ಕಾಸ್‌ಎಚ್(ಕ್ಯೂ) = ಎಕ್ಸ್‌ಪಿ(ಪಿ − ಕ್ಯೂ) × (1 + ಎಕ್ಸ್‌ಪಿ(−2 × ಪಿ)) / (1 + ಎಕ್ಸ್‌ಪಿ(−2 × ಕ್ಯೂ))

ಪಿ, ಕ್ಯೂ ಎರಡೂ ಧನ ಸಂಖ್ಯೆ, ಪಿ ಚಿಕ್ಕದು. ಆಗ ಇಲ್ಲಿ ಯಾವುದೂ ಸಿಡಿಯುವುದಿಲ್ಲ. ಕಾಸ್‌ಎಚ್‌ನ ಲಾಗ್ ಬೇಕಾದವರಿಗೂ ಇದೇ ದಾರಿ. ಮಷೀನ್ ಲರ್ನಿಂಗ್‌ನಲ್ಲಿ ಲಾಸ್ ಫಂಕ್ಷನ್ ಆಗಿ ಅದು ಬಳಕೆಯಲ್ಲಿದೆ. ಎಕ್ಸ್‌ನ ಧನ ಬೆಲೆಗೆ ಲಾಗ್1ಪಿ(ಎಕ್ಸ್‌ಪಿ(−2 × ಎಕ್ಸ್)) ಕೂಡಿಸಿ, 2ರ ಲಾಗ್ ಆದ 0.693147… ಕಳೆದರೆ ಆಯಿತು.

ಟ್ಯಾನ್‌ಎಚ್ ಸೌಮ್ಯ ಸ್ವಭಾವದ್ದು, ಅದರ ಬೆಲೆ −1 ಮತ್ತು 1ರ ಆಚೆ ಹೋಗುವುದೇ ಇಲ್ಲ. ಅದನ್ನು ಸೈನ್‌ಎಚ್ ಭಾಗಿಸು ಕಾಸ್‌ಎಚ್ ಅಂತ ಬರೆಯಬೇಡಿ. ಎಕ್ಸ್ 1000 ಇದ್ದರೆ ಮ್ಯಾತ್ ಮಾಡ್ಯೂಲ್‌ನಲ್ಲಿ ಎರರ್ ಬರುತ್ತದೆ. ಪೈಥಾನ್‌ನ ಲೆಕ್ಕದ ಪ್ಯಾಕೇಜ್ ಆದ ನಂಪೈನಲ್ಲಾದರೆ ಅನಂತವನ್ನು ಅನಂತದಿಂದ ಭಾಗಿಸಿ ನ್ಯಾನ್ (ಸಂಖ್ಯೆಯೇ ಅಲ್ಲ ಎಂಬ ಗುರುತು) ಬರುತ್ತದೆ. ಲೈಬ್ರರಿಯ ಟ್ಯಾನ್‌ಎಚ್ ಸುಮ್ಮನೆ 1.0 ಕೊಡುತ್ತದೆ. ಡಬಲ್‌ನಲ್ಲಿ ಎಕ್ಸ್ ಸುಮಾರು 19.06 ದಾಟಿದ ಮೇಲೆ ಯಾವಾಗಲೂ 1.0. ಅಲ್ಲೂ ಒಂದು ಎಚ್ಚರ ಬೇಕು: 1ರಿಂದ ಟ್ಯಾನ್‌ಎಚ್(20) ಕಳೆದರೆ ಸೊನ್ನೆ ಬರುತ್ತದೆ, ನಿಜವಾದ ಬೆಲೆ 8.497 × 10⁻¹⁸. ಅದು ಬೇಕಾದರೆ 2/(ಎಕ್ಸ್‌ಪಿ(2 × ಎಕ್ಸ್) + 1) ಬಳಸಿ.

ವಿಲೋಮ ಫಂಕ್ಷನ್‌ಗಳಲ್ಲಿ ಮನೆಯಲ್ಲಿ ಬರೆದ ಸೂತ್ರ ಇನ್ನೂ ಅಪಾಯಕಾರಿ. ಸೈನ್‌ಎಚ್‌ನ ವಿಲೋಮಕ್ಕೆ ಪುಸ್ತಕದಲ್ಲಿರುವುದು ಎಕ್ಸ್‌ಗೆ (ಎಕ್ಸ್² + 1)ರ ವರ್ಗಮೂಲ ಕೂಡಿಸಿ ಲಾಗ್ ತೆಗೆಯುವುದು. ಎಕ್ಸ್ −10⁹ ಹಾಕಿ ನೋಡಿ. ವರ್ಗಮೂಲ 10⁹, ಕೂಡಿಸಿದರೆ ಸೊನ್ನೆ, ಸೊನ್ನೆಯ ಲಾಗ್ ಕೇಳಿದ್ದಕ್ಕೆ ಪೈಥಾನ್ ವ್ಯಾಲ್ಯೂಎರರ್ ಕೊಡುತ್ತದೆ. ಉತ್ತರ −21.4164 ಬರಬೇಕಿತ್ತು, ಎಂಥ ಸಾದಾ ಸಂಖ್ಯೆ! ಮ್ಯಾತ್ ಮಾಡ್ಯೂಲ್‌ನ ಎ‌ಸೈನ್‌ಎಚ್ ಅದನ್ನೇ ಕೊಡುತ್ತದೆ.

ನಿಮ್ಮ ಕೆಲಸದಲ್ಲೇ ಇದಕ್ಕೂ ಜಾಗವಿದೆ. ಸ್ಯಾಗ್ ಮತ್ತು ಸಿ ಗೊತ್ತಿದ್ದು ಸ್ಪ್ಯಾನ್ ಬೇಕಾದರೆ ಎಲ್ಲರೂ 2 × ಸಿ × ಎಕಾಸ್‌ಎಚ್(1 + ಸ್ಯಾಗ್/ಸಿ) ಅಂತ ಬರೆಯುತ್ತಾರೆ (ಎಕಾಸ್‌ಎಚ್ ಅಂದರೆ ಕಾಸ್‌ಎಚ್‌ನ ವಿಲೋಮ). ಅಲ್ಲಿ ಚಿಕ್ಕ ಸಂಖ್ಯೆಗೆ 1 ಕೂಡಿಸಿದ ಕ್ಷಣವೇ ಅದರ ಬಾಲದ ಅಂಕಿಗಳು ಹೋದವು, ಒಳಗೆ ಎಕಾಸ್‌ಎಚ್ ಎಷ್ಟೇ ಚೆನ್ನಾಗಿದ್ದರೂ ಅವು ಮರಳಿ ಬರುವುದಿಲ್ಲ. ಅದೇ ಅರ್ಧಕೋನದ ಸಮೀಕರಣವನ್ನು ತಿರುಗಿಸಿದರೆ:

ಸ್ಪ್ಯಾನ್ = 4 × ಸಿ × ಎ‌ಸೈನ್‌ಎಚ್(ವರ್ಗಮೂಲ(ಸ್ಯಾಗ್/(2 × ಸಿ)))

ಸಿ 1500, ಸ್ಯಾಗ್ 7.50625 ಹಾಕಿದರೆ 300 ಮೀಟರ್ ವಾಪಸ್ ಸಿಗುತ್ತದೆ.

ನಿಮ್ಮ ಕೋಡ್ ಬೇರೆಯವರ ಕೈಗೆ, ಬೇರೆ ಭಾಷೆಗೆ ಹೋಗುವುದಾದರೆ ಕೆಲವು ಸಣ್ಣ ವಿಷಯಗಳು. ಪೈಥಾನ್‌ನ ಮ್ಯಾತ್ ಮಾಡ್ಯೂಲ್ ಓವರ್‌ಫ್ಲೋ ಆದರೆ ಎರರ್ ಎಸೆದು ನಿಲ್ಲುತ್ತದೆ. ನಂಪೈ ಒಂದು ವಾರ್ನಿಂಗ್ ಕೊಟ್ಟು ಅನಂತ ಅಂತ ಇಟ್ಟುಕೊಂಡು ಮುಂದುವರಿಯುತ್ತದೆ. ಜಾವಾಸ್ಕ್ರಿಪ್ಟ್ ವಾರ್ನಿಂಗ್ ಕೂಡ ಕೊಡುವುದಿಲ್ಲ. ಮೌನವಾಗಿ ಮುಂದುವರಿಯುವುದು ನನ್ನ ಪ್ರಕಾರ ಹೆಚ್ಚು ಅಪಾಯ, ತಪ್ಪು ಎಲ್ಲಿ ಶುರುವಾಯಿತು ಅಂತ ಹುಡುಕುವುದೇ ಕಷ್ಟವಾಗುತ್ತದೆ. 32 ಬಿಟ್ ಫ್ಲೋಟ್ ಬಳಸಿದರೆ ಎಲ್ಲ ಮಿತಿಗಳೂ ಹತ್ತಿರ ಬರುತ್ತವೆ: ಸೈನ್‌ಎಚ್ 89.4ರ ಆಸುಪಾಸಿನಲ್ಲೇ ಮಿತಿ ಮುಟ್ಟುತ್ತದೆ, ಅಂಕಿಗಳು ಸಿಗುವುದೂ ಏಳೇ. ಲಿನಕ್ಸ್‌ನಲ್ಲಿ ಸಿ ಭಾಷೆಯ ಕೋಡ್ ಬರೆಯುವವರು ಗಣಿತದ ಲೈಬ್ರರಿಯನ್ನು ಲಿಂಕ್ ಮಾಡುವುದನ್ನು ಮರೆತು, ಸೈನ್‌ಎಚ್ ಸಿಗುತ್ತಿಲ್ಲ ಎಂದು ಒದ್ದಾಡುವುದು ಸಾಮಾನ್ಯ.

ಇನ್ನೊಂದು ತಪ್ಪು ಅನುಭವಸ್ಥರ ಕೋಡ್‌ನಲ್ಲೂ ಇರುತ್ತದೆ. ಸೈನ್, ಕಾಸ್‌ಗೆ ಡಿಗ್ರಿಯನ್ನು ರೇಡಿಯನ್ ಮಾಡಿ ಕೊಡುವ ಅಭ್ಯಾಸದಲ್ಲಿ ಕಾಸ್‌ಎಚ್‌ಗೂ ರೇಡಿಯನ್ಸ್ ಫಂಕ್ಷನ್ ಹಚ್ಚಿಬಿಡುತ್ತಾರೆ. ಇಲ್ಲಿ ಕೋನವೇ ಇಲ್ಲ. ಸ್ಪ್ಯಾನ್/(2 × ಸಿ) ಅಂದರೆ ಮೀಟರ್ ಭಾಗಿಸು ಮೀಟರ್, ಬರೀ ಸಂಖ್ಯೆ. ಅದನ್ನು ಹಾಗೇ ಕೊಡಿ.

ಬದಲಾವಣೆ ಮಾಡಿದ ಮೇಲೆ ಸರಿಯಾಯಿತಾ ಅಂತ ನೋಡಲು ಹೊರಗಿನ ಪ್ಯಾಕೇಜ್ ಬೇಕಿಲ್ಲ. ಪೈಥಾನ್ ಜೊತೆಗೇ ಬರುವ ಡೆಸಿಮಲ್ ಮಾಡ್ಯೂಲ್ ಸಾಕು. ಅದರಲ್ಲಿ ಸೈನ್‌ಎಚ್ ಇಲ್ಲ, ಆದರೆ ಎಕ್ಸ್‌ಪಿ ಇದೆ, ಮತ್ತು ಅಂಕಿಗಳನ್ನು 28ರಿಂದ 60ಕ್ಕೆ ಏರಿಸಬಹುದು. 60 ಅಂಕಿ ಇದ್ದಾಗ ಪುಸ್ತಕದ ಆ ಮೈನಸ್ ಸೂತ್ರವೇ ಆರಾಮಾಗಿ ಕೆಲಸ ಮಾಡುತ್ತದೆ, ಹತ್ತಿಪ್ಪತ್ತು ಅಂಕಿ ಹೋದರೂ ಬೇಕಾದಷ್ಟು ಉಳಿಯುತ್ತವೆ. ನಿಮ್ಮ ಫ್ಲೋಟನ್ನೇ ನೇರವಾಗಿ ಡೆಸಿಮಲ್‌ಗೆ ಕೊಡಿ, ಅದು ಒಂದು ಬಿಟ್ಟೂ ಬದಲಾಗದೆ ಹೋಗುತ್ತದೆ. ಅಂಕಿಗಳನ್ನು ಟೈಪ್ ಮಾಡಿ ಕೊಟ್ಟರೆ ಎರಡು ಬೇರೆ ಬೇರೆ ಎಕ್ಸ್‌ಗಳನ್ನು ಹೋಲಿಸಿದ ಹಾಗಾಗುತ್ತದೆ. ಎಕ್ಸ್ 10⁻⁸, 10⁻⁶, 0.1, 1 ಮತ್ತು 20ರಲ್ಲಿ ಹಳೆಯ ಸಾಲು, ಹೊಸ ಸಾಲು, ಡೆಸಿಮಲ್ ಮೂರನ್ನೂ ಪಕ್ಕಪಕ್ಕ ಪ್ರಿಂಟ್ ಮಾಡಿ. 1 ಮತ್ತು 20ರಲ್ಲಿ ಮೂರೂ ಬಹುಪಾಲು ಒಂದೇ ಇರುತ್ತವೆ. ಮೊದಲ ಎರಡು ಸಾಲುಗಳಲ್ಲಿ ಹಳೆಯದು ಎಲ್ಲಿ ಕೈಕೊಟ್ಟಿತು ಎಂದು ಕಣ್ಣಿಗೇ ಕಾಣುತ್ತದೆ.